ಫೋಟೋ ನೋಡಿ ಇಷ್ಟೇ ಹೇಳಬಹುದು

ಬ್ಲಾಗಿನ ಕಡೆ ತಲೆ ಹಾಕದೆ ನಾಲ್ಕು ತಿಂಗಳಾಯ್ತು. ಆಫೀಸಿನ ಕೆಲಸ, ರಿಲೀಸು, ಸೋಮಾರಿತನ... ಇದರಲ್ಲಿ ಯಾವುದಕ್ಕೆ ಎಷ್ಟು ಪಾಲು ಅಂತ ನೀವೇ ಊಹಿಸಿಕೊಳ್ಳಿ :-) ಮತ್ತೆ ಬರೆಯಲು ಕೂರಿಸಿದ್ದು ಒಂದು ಹುಳ. ಸಾಫ್ಟ್‌ವೇರಿನವನು ಹುಳ ಅಂದ ಕೂಡಲೆ ಕೋಡಿನಲ್ಲಿರೋ ಬಗ್ ಅಂದುಕೊಳ್ಳಬೇಡಿ. ಮಣ್ಣಿನಲ್ಲಿರೋ, ಕಾಲಿರೋ, ನಿಜವಾದ ಹುಳ. ಪೋಸ್ಟ್ ಸ್ವಲ್ಪ ಉದ್ದ ಆಗುತ್ತೆ, ಕಾಫಿ ಮಾಡಿಕೊಂಡು ಬನ್ನಿ.

ನಾನೀಗ ಇರೋದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ, ಒಂದು ಬಾಡಿಗೆ ಮನೆಯಲ್ಲಿ. ಹಿಂದೆ ಅಂಗೈಯಗಲ ಹಿತ್ತಲಿದೆ. ಇಲ್ಲಿ ಮಳೆ ಬರೋದು ಚಳಿಗಾಲದಲ್ಲಿ. ಹೋದ ತಿಂಗಳು ಎರಡು ದಿನ ಬಿಡದೆ ಮಳೆ ಹೊಡೆದ ಮೇಲೆ, ಶನಿವಾರ ಕರಿಬೇವಿನ ಕುಂಡ ಪಕ್ಕಕ್ಕೆ ಸರಿಸಿದರೆ ಅಡಿಯಲ್ಲಿ ಹೊಲಿಗೆ ದಾರದಷ್ಟು ತೆಳ್ಳಗಿನ, ತಿಳಿ ಬಣ್ಣದ ಒಂದು ಹುಳ. ಬರಿಗಣ್ಣಿಗೆ ಕಾಲುಗಳು ಕಾಣೋದು ಕಷ್ಟ, ಆದರೆ ಅಂಚಿನಲ್ಲಿ ಒಂದು ಅಲೆ ಓಡಿದ ಹಾಗೆ ಕಾಣುತ್ತಿತ್ತು. ಸಹಸ್ರಪದಿ! ನಮ್ಮೂರ ಕಡೆ ಚೋರಟೆ ಅಂತೀವಲ್ಲ, ಅದರ ಬಡಕಲು ಅಮೆರಿಕನ್ ನೆಂಟ.

ಫೋನ್ ತೆಗೆದು ನಾಲ್ಕು ಫೋಟೋ ಹೊಡೆದೆ. ಚಿತ್ರ ನೋಡಿ ಹೆಸರು ಹೇಳುವ ಒಂದು ಆ್ಯಪಿಗೆ ಕೊಟ್ಟೆ. ಎರಡೇ ಸೆಕೆಂಡಿನಲ್ಲಿ ಲ್ಯಾಟಿನ್ ಹೆಸರು ಪೂರ್ತಿ ಬಂತು. ಕುಲ, ಪ್ರಭೇದ ಎಲ್ಲಾ ಸೇರಿಸಿ, ಕೆಳಗೆ ವಿವರಣೆ ಬೇರೆ. ಖುಷಿಯಾಯ್ತು. ಅದೇ ಹೆಸರು ಬರೆದು ಹವ್ಯಾಸಿ ಪ್ರಕೃತಿಪ್ರಿಯರ ಒಂದು ತಾಣಕ್ಕೆ ಫೋಟೋಗಳನ್ನು ಏರಿಸಿದೆ. ಮರುದಿನ ನೋಡಿದರೆ ಯಾರೋ ಒಬ್ಬರು ನನ್ನ ಹೆಸರನ್ನು ಕೆಳಗಿಳಿಸಿದ್ದಾರೆ. ಪ್ರಭೇದ ಇಲ್ಲ, ಕುಲ ಇಲ್ಲ, ಕುಟುಂಬವೂ ಇಲ್ಲ. 'ಜೂಲಿಡಾ ಗಣ' ಅಂತ ಬರೆದು ಕೆಳಗೆ ಎರಡು ಸಾಲು: ಫೋಟೋ ನೋಡಿ ಇಷ್ಟೇ ಹೇಳಬಹುದು, ಮುಂದೆ ಹೋಗಬೇಕಾದರೆ ಬಲಿತ ಗಂಡು ಬೇಕು, ಅದರ 7ನೇ ಉಂಗುರ ಮೈಕ್ರೋಸ್ಕೋಪಿನಲ್ಲಿ ನೋಡಬೇಕು.

ಸುಳ್ಳು ಯಾಕೆ ಹೇಳಲಿ, ಸಿಟ್ಟು ಬಂತು. ಜೂಲಿಡಾ ಗಣ ಅಂದರೆ ನೂರಾರು ಪ್ರಭೇದಗಳ ದೊಡ್ಡ ಸಂತೆ. ನಮ್ಮ ಬೀದಿಯಲ್ಲಿ ಓಡಿದ್ದು ಯಾವ ಪ್ರಾಣಿ ಅಂತ ಕೇಳಿದರೆ 'ನಾಲ್ಕು ಕಾಲಿನದ್ದು' ಅಂದ ಹಾಗಾಯ್ತು. ಆ್ಯಪ್ ಎರಡು ಸೆಕೆಂಡಿನಲ್ಲಿ ಹೇಳಿದ್ದನ್ನು ಹೇಳೋಕಾಗದವರು ಎಂಥಾ ತಜ್ಞರು ಅಂತ ಮನಸ್ಸಿನಲ್ಲೇ ಬೈದುಕೊಂಡೆ. ಆಮೇಲೆ ಒಂದು ತಿಂಗಳು ಈ ಪುಟ್ಟ ಜೀವಿಗಳ ಬಗ್ಗೆ ಸಿಕ್ಕಿದ್ದೆಲ್ಲಾ ಓದಿದೆ. ಈಗ ನನ್ನ ಅಭಿಪ್ರಾಯ ಪೂರ್ತಿ ಉಲ್ಟಾ ಆಗಿದೆ. ಆ ಅಪರಿಚಿತರು ಕೊಟ್ಟ ಉತ್ತರವೇ ಸರಿಯಾದ ಉತ್ತರ. 'ಇಷ್ಟೇ ಹೇಳಬಹುದು' ಅನ್ನೋದನ್ನು ಕಲಿಯದೆ ನಾವು, ಮುಖ್ಯವಾಗಿ ನಮ್ಮಂಥ ಕಂಪ್ಯೂಟರಿನವರು, ಬಹಳ ಹಾಳು ಮಾಡುತ್ತಿದ್ದೇವೆ ಅನ್ನೋದು ಈ ಪೋಸ್ಟಿನ ಒಟ್ಟು ಸಾರಾಂಶ. ಅವಸರ ಇದ್ದವರು ಇಲ್ಲಿಗೇ ನಿಲ್ಲಿಸಬಹುದು :-)

ಮೊದಲು, ನಾನು ಅಷ್ಟು ಆಸೆಯಿಂದ ಹೆಸರು ಹುಡುಕಿದ್ದೇಕೆ ಅಂತ ಹೇಳಬೇಕು. ನಾನಿರುವ ಊರಿನಿಂದ ದಕ್ಷಿಣಕ್ಕೆ ಕಾರಿನಲ್ಲಿ ಸುಮಾರು ಒಂದು ಗಂಟೆ ಹೋದರೆ ಸ್ಯಾನ್ ಬೆನಿಟೋ ಕೌಂಟಿ. ಓಕ್ ಮರಗಳ, ದನ ಮೇಯುವ ಗುಡ್ಡಗಳು. 1926ರಲ್ಲಿ ಅಲ್ಲಿ ಓ. ಎಫ್. ಕುಕ್ ಅನ್ನುವ ಅಮೆರಿಕನ್ ವಿಜ್ಞಾನಿಗೆ ದಾರದಂಥ ಸಹಸ್ರಪದಿಗಳು ಸಿಕ್ಕವು. 1928ರಲ್ಲಿ ಕುಕ್ ಮತ್ತು ಲೂಮಿಸ್ ಸೇರಿ ಅದಕ್ಕೆ ಇಲ್ಲಾಕ್ಮೆ ಪ್ಲೆನಿಪೆಸ್ ಅಂತ ಹೆಸರಿಟ್ಟರು. ಅದರಲ್ಲಿ ಒಂದಕ್ಕೆ 750 ಕಾಲು. ಉದ್ದ ಮೂರು ಸೆಂಟಿಮೀಟರ್ ಆಸುಪಾಸು, ಅಗಲ ಅರ್ಧ ಮಿಲಿಮೀಟರ್, ಅದರಲ್ಲಿ 750 ಕಾಲು! ಆಮೇಲೆ ಸುಮಾರು ಎಂಬತ್ತು ವರ್ಷ ಆ ಹುಳವನ್ನು ಕಂಡೆವು ಅಂತ ಯಾರೂ ವರದಿ ಮಾಡಲಿಲ್ಲ. 2005ರಲ್ಲಿ ಪಾಲ್ ಮಾರೆಕ್ ಅನ್ನುವ ಪಿಎಚ್‌ಡಿ ವಿದ್ಯಾರ್ಥಿ ತನ್ನ ಸಹೋದರನ ಜೊತೆ ಅದೇ ಗುಡ್ಡಗಳಲ್ಲಿ ಕಲ್ಲು ಎತ್ತಿ ಎತ್ತಿ ಹುಡುಕಿ ಮತ್ತೆ ಪತ್ತೆ ಮಾಡಿದರು. 2006ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಗೊತ್ತಿರುವ ಮಟ್ಟಿಗೆ ಅದು ಬದುಕಿರೋದು ಕೆಲವೇ ಚದರ ಕಿಲೋಮೀಟರ್ ಜಾಗದಲ್ಲಿ. ಜಗತ್ತಿನ ಅರ್ಧ ಸಾಫ್ಟ್‌ವೇರ್ ಬರೆಯುವ ಸಿಲಿಕಾನ್ ವ್ಯಾಲಿಯ ಪಕ್ಕದ ಕೌಂಟಿಯಲ್ಲೇ ಇಂಥದ್ದೊಂದು ಇದೆ ಅಂದ ಮೇಲೆ, ನನ್ನ ಕುಂಡದ ಅಡಿಯಲ್ಲೂ ಇರಬಾರದೇಕೆ? ಆಸೆಗೆ ದುಡ್ಡು ಕೊಡಬೇಕಾ?

ಎಂಜಿನಿಯರ್ ಬುದ್ಧಿ ಅಲ್ಲವಾ, ಮೊದಲು ಮಾಡಿದ್ದು ಸ್ಪ್ರೆಡ್‌ಶೀಟ್. ಕಾಲುಗಳ ಸಂಖ್ಯೆ ಒಂದು ಕಾಲಂ, ಉದ್ದ ಒಂದು ಕಾಲಂ, ಬಣ್ಣ ಒಂದು ಕಾಲಂ. ಕಾಲೆಣಿಸಿದರೆ ಹೆಸರು ಸಿಕ್ಕಿಬಿಡುತ್ತೆ ಅನ್ನೋದು ನನ್ನ ಲೆಕ್ಕ. ಡೇಟಾಬೇಸ್ ಭಾಷೆಯಲ್ಲಿ ಹೇಳೋದಾದರೆ ಕಾಲುಗಳ ಸಂಖ್ಯೆಯೇ ಪ್ರೈಮರಿ ಕೀ.

ಈ ಲೆಕ್ಕ ಮೊದಲ ದಿನವೇ ಮಗುಚಿತು. ಬಹುಪಾಲು ಸಹಸ್ರಪದಿಗಳು ಮೊಟ್ಟೆಯಿಂದ ಹೊರಬರುವಾಗ ಅವಕ್ಕೆ ಇರೋದು ಮೂರೇ ಜೊತೆ ಕಾಲು. ಆಮೇಲೆ ಪೊರೆ ಕಳಚಿದಾಗೆಲ್ಲಾ ಬಾಲದ ಕಡೆ ಹೊಸ ಉಂಗುರಗಳು ಸೇರುತ್ತವೆ, ಅದರ ಜೊತೆ ಹೊಸ ಕಾಲುಗಳೂ. ಪಾಲಿಡೆಸ್ಮಿಡಾ ಅನ್ನುವ ಗಣದಲ್ಲಿ ಬಲಿತ ಮೇಲೆ ಉಂಗುರಗಳ ಸಂಖ್ಯೆ ನಿಂತುಬಿಡುತ್ತೆ, ಸಾಮಾನ್ಯವಾಗಿ ಇಪ್ಪತ್ತರ ಆಸುಪಾಸಿಗೆ. ಆದರೆ ಇಲ್ಲಾಕ್ಮೆ ಸೇರುವ ಸೈಫನೋಫೋರಿಡಾ ಗಣದವು ದೊಡ್ಡವಾದ ಮೇಲೂ ಉಂಗುರ ಸೇರಿಸುತ್ತಲೇ ಹೋಗುತ್ತವೆ. 2005ರಲ್ಲಿ ಸಿಕ್ಕವುಗಳಲ್ಲಿ ಅತಿ ಹೆಚ್ಚು ಕಾಲಿದ್ದ ಹೆಣ್ಣಿಗೆ 666, ಗಂಡುಗಳಿಗೆ ಅದಕ್ಕಿಂತ ಬಹಳ ಕಡಿಮೆ. 1926ರದ್ದಕ್ಕೆ 750. ಎಲ್ಲವೂ ಒಂದೇ ಪ್ರಭೇದ! ಅಂದರೆ ಕಾಲೆಣಿಸಿದರೆ ಗೊತ್ತಾಗೋದು ಹೆಸರಿಗಿಂತ ಹೆಚ್ಚಾಗಿ ವಯಸ್ಸು, ಗಂಡೋ ಹೆಣ್ಣೋ ಇಂಥವು. ಒಬ್ಬ ಮನುಷ್ಯನನ್ನು ಅವನ ತೂಕದಿಂದ ಗುರುತಿಸಲು ಹೊರಟ ಹಾಗೆ. (ನನ್ನನ್ನು ಹಾಗೆ ಗುರುತಿಸಿದರೆ ಪ್ರತಿ ದೀಪಾವಳಿಗೂ ಹೊಸ ಪ್ರಭೇದ ಆಗಿಬಿಡುತ್ತೇನೆ.)

ಹಾಗಾದರೆ ಗುರುತಿಸೋದು ಹೇಗೆ? ಮೆಟ್ಟಿಲು ಮೆಟ್ಟಿಲಾಗಿ. ಮೊದಲ ಮೆಟ್ಟಿಲು ಸುಲಭ. ಮೈಯ ಬಹುಪಾಲು ಉಂಗುರಗಳಲ್ಲಿ ಎರಡೆರಡು ಜೊತೆ ಕಾಲಿದ್ದರೆ ಸಹಸ್ರಪದಿ, ಒಂದೊಂದೇ ಜೊತೆ ಇದ್ದರೆ ಜರಿ, ಅಂದರೆ ಶತಪದಿ. ಮಣ್ಣಿನಲ್ಲಿ ದಾರದ ಹಾಗೆ ತೆವಳುವ ತೆಳು ಜರಿಗಳೂ ಇವೆ, ಬಹಳ ಜನ ಮೋಸ ಹೋಗೋದು ಇಲ್ಲೇ. ಎರಡನೇ ಮೆಟ್ಟಿಲು ಗಣ: ತಲೆಯ ಆಕಾರ, ಕಣ್ಣು ಇದೆಯೋ ಇಲ್ಲವೋ, ಉಂಗುರಗಳ ರಚನೆ. ಸೈಫನೋಫೋರಿಡಾದವಕ್ಕೆ ಕಣ್ಣೇ ಇಲ್ಲ, ಬಾಯಿಯ ಭಾಗಗಳು ಕುಗ್ಗಿಹೋಗಿ ತಲೆ ಮುಂದಕ್ಕೆ ಚೂಪಾಗಿರುತ್ತೆ, ಹಲವದರಲ್ಲಿ ಹಕ್ಕಿಯ ಕೊಕ್ಕಿನಷ್ಟು. ಇಲ್ಲಿಯವರೆಗೆ ಒಳ್ಳೆಯ ಫೋಟೋ, ಒಳ್ಳೆಯ ಲೆನ್ಸು ಸಾಕು.

ಅಲ್ಲಿಂದ ಮುಂದೆ ಮೆಟ್ಟಿಲುಗಳು ಕಡಿದು. ಸಹಸ್ರಪದಿಗಳಲ್ಲಿ ಪ್ರಭೇದ ಬೇರೆ ಮಾಡಲು ಹೆಚ್ಚಾಗಿ ನೆಚ್ಚಿಕೊಳ್ಳೋದು ಗೋನೋಪಾಡ್ ಅನ್ನುವ ಅಂಗಗಳನ್ನು. ಗಂಡು ಬಲಿಯುವಾಗ ಅದರ ಕೆಲವು ಕಾಲುಗಳು ನಡೆಯುವ ಕೆಲಸ ಬಿಟ್ಟು, ಹೆಣ್ಣಿಗೆ ವೀರ್ಯ ದಾಟಿಸುವ ಸಲಕರಣೆಗಳಾಗಿ ಮಾರ್ಪಡುತ್ತವೆ. ಬೀಗಕ್ಕೆ ಕೀಲಿ ಇದ್ದ ಹಾಗೆ, ಪ್ರಭೇದದಿಂದ ಪ್ರಭೇದಕ್ಕೆ ಅವುಗಳ ಆಕಾರ ಬೇರೆ. ಮೇಲಿಂದ ಒಂದೇ ಥರ ಕಾಣುವ ಎರಡು ಹುಳಗಳ ಗೋನೋಪಾಡ್ ನೋಡಿದರೆ ಅಜಗಜಾಂತರ. ಜೂಲಿಡಾದಲ್ಲಿ ಅವು 7ನೇ ಉಂಗುರದಲ್ಲಿ, ಎಷ್ಟೋ ಸಲ ಮೈಯೊಳಗೇ ಅಡಗಿರುತ್ತವೆ. ಇಲ್ಲಾಕ್ಮೆಯ ಗುಂಪಿನಲ್ಲಿ 9 ಮತ್ತು 10ನೇ ಜೊತೆ ಕಾಲುಗಳು ಗೋನೋಪಾಡ್ ಆಗುತ್ತವೆ. ಹೀಗಾಗಿ ನಿಮ್ಮ ಕೈಯಲ್ಲಿರೋದು ಹೆಣ್ಣೋ ಮರಿಯೋ ಆದರೆ, ಎಷ್ಟೋ ಗುಂಪುಗಳಲ್ಲಿ ಜಗತ್ತಿನ ಅತಿ ದೊಡ್ಡ ತಜ್ಞನೂ ಪ್ರಭೇದದ ಹೆಸರು ಹೇಳಲಾರ. ಅದು ಸೋಮಾರಿತನವಾಗಲೀ ಅಹಂಕಾರವಾಗಲೀ ಅಲ್ಲ, ಹೇಳಲು ಬೇಕಾದ ಸಾಕ್ಷಿ ಆ ಹುಳದಲ್ಲಿ ಕಾಣಿಸುತ್ತಿಲ್ಲ ಅಷ್ಟೇ.

ಸೈಫನೋಫೋರಿಡಾದಲ್ಲಂತೂ ಗೋನೋಪಾಡ್ ನೋಡಿದರೂ ಕಷ್ಟ ತಪ್ಪಿದ್ದಲ್ಲ. ಬೇರೆ ಗಣಗಳಲ್ಲಿ ಅವು ಕೊಂಬೆ, ಕೊಕ್ಕೆ, ಮುಳ್ಳುಗಳಿಂದ ತುಂಬಿದ್ದರೆ ಇಲ್ಲಿ ಇನ್ನೂ ಸಾದಾ ಕಾಲಿನಂತೆಯೇ ಇರುತ್ತವೆ. ಹೋಲಿಸಿ ನೋಡಲು ಲಕ್ಷಣಗಳೇ ಕಡಿಮೆ. 2009ರಲ್ಲಿ ಹೆಲೆನ್ ರೀಡ್ ಮತ್ತು ಹೆನ್ರಿಕ್ ಎಂಗಾಫ್ ಬ್ರೆಜಿಲ್‌ನಿಂದ ಬಂದ ಸಂಗ್ರಹವನ್ನು ಇಟ್ಟುಕೊಂಡು ಈ ಗಣದ ಬಗ್ಗೆ ಒಂದು ಪ್ರಬಂಧ ಬರೆದರು. ಇದು ವರ್ಗೀಕರಣ ಮಾಡುವವರ ಪಾಲಿನ ದುಃಸ್ವಪ್ನವೇ ಅನ್ನೋದು ಅದರ ಶೀರ್ಷಿಕೆಯಲ್ಲೇ ಇರುವ ಪ್ರಶ್ನೆ. ವಿಜ್ಞಾನಿಗಳು ಶೀರ್ಷಿಕೆಯಲ್ಲೇ ಹೀಗೆ ನಿಟ್ಟುಸಿರು ಬಿಟ್ಟಿದ್ದನ್ನು ನೋಡಿ ನನಗೆ ಅವರ ಮೇಲೆ ಗೌರವ ಹೆಚ್ಚಾಯ್ತು. ನಮ್ಮ ಕಡೆ ಯಾರಾದರೂ ಡಿಸೈನ್ ಡಾಕ್ಯುಮೆಂಟಿಗೆ ಇಂಥಾ ಹೆಸರಿಡಲಿ ನೋಡೋಣ!

ಇನ್ನೊಂದು ಉದಾಹರಣೆ ಹೇಳಿಬಿಡುತ್ತೇನೆ, ಯಾಕಂದರೆ ನನ್ನ ಕಣ್ಣು ತೆರೆಸಿದ್ದೇ ಇದು. ಸಹಸ್ರಪದಿ ಅಂತ ಕನ್ನಡದಲ್ಲೂ, ಸಾವಿರ ಪಾದ ಅಂತ ಲ್ಯಾಟಿನ್‌ನಲ್ಲೂ ಕರೆಯುತ್ತಿದ್ದರೂ ನಿಜವಾಗಿ ಸಾವಿರ ಕಾಲಿರುವ ಒಂದೂ ಗೊತ್ತಿರಲಿಲ್ಲ. 2020ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಗಣಿ ಪ್ರದೇಶದಲ್ಲಿ, ಖನಿಜ ಹುಡುಕಲು ಕೊರೆದಿದ್ದ ಬೋರ್ ರಂಧ್ರದೊಳಗೆ ಬಲೆ ಇಳಿಬಿಟ್ಟಾಗ 60 ಮೀಟರ್ ಆಳದಲ್ಲಿ ಒಂದು ಸಿಕ್ಕಿತು. 1,306 ಕಾಲು! ಉದ್ದ ಹತ್ತಿರ ಹತ್ತಿರ 96 ಮಿಲಿಮೀಟರ್, ಅಗಲ ಒಂದು ಮಿಲಿಮೀಟರಿಗಿಂತ ಕಡಿಮೆ. ಕಣ್ಣಿಲ್ಲ, ಬಣ್ಣವಿಲ್ಲ. 2021ರಲ್ಲಿ ಯೂಮಿಲಿಪೆಸ್ ಪರ್ಸೆಫೋನೆ ಅಂತ ಹೆಸರಿಟ್ಟರು. ಪರ್ಸೆಫೋನೆ ಅಂದರೆ ಗ್ರೀಕ್ ಪುರಾಣದಲ್ಲಿ ಪಾತಾಳಕ್ಕೆ ಒಯ್ಯಲ್ಪಟ್ಟ ದೇವತೆ. ಫೋಟೋದಲ್ಲಿ ಅದನ್ನೂ ಕ್ಯಾಲಿಫೋರ್ನಿಯಾದ ಇಲ್ಲಾಕ್ಮೆಯನ್ನೂ ಪಕ್ಕಪಕ್ಕ ಇಟ್ಟರೆ ಯಾರಾದರೂ ಅಣ್ಣತಮ್ಮ ಅನ್ನಬೇಕು. ಅದೇ ದಾರದ ಮೈ, ಅದೇ ಕುರುಡು ಚೂಪು ತಲೆ, ಅದೇ ಲೆಕ್ಕವಿಲ್ಲದ ಕಾಲು. ಆದರೆ ಡಿಎನ್‌ಎ ಮತ್ತು ಅಂಗರಚನೆ ನೋಡಿದಾಗ ಗೊತ್ತಾಗಿದ್ದು, ಎರಡೂ ಬೇರೆ ಬೇರೆ ಗಣದವು. ಆಸ್ಟ್ರೇಲಿಯಾದ್ದು ಪಾಲಿಜೋನಿಡಾ ಗಣ. ಕತ್ತಲಲ್ಲಿ, ಇಕ್ಕಟ್ಟಿನ ಸಂದಿಗಳಲ್ಲಿ ನುಗ್ಗಿ ಬದುಕುವ ಅಗತ್ಯವೇ ಇಬ್ಬರನ್ನೂ ಬೇರೆ ಬೇರೆಯಾಗಿ ಒಂದೇ ಆಕಾರಕ್ಕೆ ತಂದು ನಿಲ್ಲಿಸಿದೆ. ಒಂದೇ ಥರ ಕಾಣೋದು ಬೇರೆ, ಒಂದೇ ಆಗಿರೋದು ಬೇರೆ.

ಈ ಮಾತು ಓದುವಾಗ ಹೊಟ್ಟೆಯಲ್ಲಿ ಏನೋ ತಣ್ಣಗಾಯ್ತು. ಯಾಕೆ ಅಂತ ಹೇಳುತ್ತೇನೆ. ಇದನ್ನು ಇಲ್ಲಿವರೆಗೆ ಬ್ಲಾಗಿನಲ್ಲಿ ಬರೆದಿರಲಿಲ್ಲ.

ಬೆಂಗಳೂರಿನಲ್ಲಿ ನನ್ನ ಮೊದಲ ಕೆಲಸ, ಆಸ್ಪತ್ರೆಗಳ ರೋಗಿಗಳ ದಾಖಲೆ ಇಡುವ ಸಾಫ್ಟ್‌ವೇರ್ ಮಾಡುವ ಒಂದು ಕಂಪನಿಯಲ್ಲಿ. ಒಬ್ಬರೇ ರೋಗಿ ನಾಲ್ಕು ಸಲ ಬಂದು ನಾಲ್ಕು ನಂಬರ್ ಮಾಡಿಸಿಕೊಂಡಿರುತ್ತಾರೆ, ಅಂಥ ನಕಲುಗಳನ್ನು ಹುಡುಕಿ ಒಂದು ಮಾಡುವ ಸ್ಕ್ರಿಪ್ಟ್ ಬರೆ ಅಂದರು. ಬರೆದೆ. ಹೆಸರು ಒಂದೇ, ಹುಟ್ಟಿದ ದಿನಾಂಕ ಒಂದೇ, ಊರು ಒಂದೇ ಆದರೆ ಒಬ್ಬರೇ ಅಂತ ತೀರ್ಮಾನ. ಸಾಲದು ಅಂತ, ಜಾಗ ಉಳಿಸಲು ಹಳೆಯ ದಾಖಲೆಗಳನ್ನು ಅಳಿಸುವ ಹಾಗೂ ಬರೆದೆ. ಡೆಮೋದಲ್ಲಿ ಚಪ್ಪಾಳೆ ಬಿತ್ತು.

ನಾನು ಮರೆತದ್ದು ಏನು ಗೊತ್ತಾ? ನಮ್ಮ ಅಜ್ಜಿಯಂದಿರ ಕಾಲದವರಿಗೆ ಹುಟ್ಟಿದ ದಿನ ಯಾರಿಗೆ ನೆನಪಿರುತ್ತೆ? ಕೌಂಟರಿನಲ್ಲಿ ಕೂತವರು ವಯಸ್ಸು ಕೇಳಿ, ಅಂದಾಜಿನ ವರ್ಷ ಹಾಕಿ, ಮುಂದೆ ಜನವರಿ 1 ಅಂತ ಬರೆದಿರುತ್ತಾರೆ. ನಮ್ಮ ದಾಖಲೆಯಲ್ಲಿ ಜನವರಿ 1ರಂದು ಹುಟ್ಟಿದ ಲಕ್ಷ್ಮಮ್ಮಂದಿರು ಎಷ್ಟು ಜನ ಅಂತೀರಿ! ಇಬ್ಬರು ಬೇರೆ ಬೇರೆ ಅಮ್ಮಂದಿರನ್ನು ನನ್ನ ಸ್ಕ್ರಿಪ್ಟ್ ಒಬ್ಬರನ್ನಾಗಿ ಮಾಡಿತು. ಒಬ್ಬರಿಗೆ ಪೆನಿಸಿಲಿನ್ ಆಗುತ್ತಿರಲಿಲ್ಲ. ಒಂದಾದ ದಾಖಲೆಯಲ್ಲಿ ಆ ಎಚ್ಚರಿಕೆಯ ಸಾಲು ಇನ್ನೊಬ್ಬರ ಖಾಲಿ ಸಾಲಿನ ಕೆಳಗೆ ಮುಚ್ಚಿಹೋಯ್ತು. ವಾರ್ಡಿನ ಒಬ್ಬ ನರ್ಸ್ ಇಂಜೆಕ್ಷನ್ ಕೊಡುವ ಮೊದಲು ಬಾಯಿಬಿಟ್ಟು ಕೇಳಿದ್ದರಿಂದ ಅನಾಹುತ ತಪ್ಪಿತು. ಸ್ಕ್ರಿಪ್ಟ್ ನಿಲ್ಲಿಸಿದೆವು, ಆದರೆ ಕೂಡಿಸಿದ್ದನ್ನು ಬಿಡಿಸೋದು ಹೇಗೆ? ಮೂಲ ದಾಖಲೆಗಳನ್ನು ನಾನೇ ಅಳಿಸಿದ್ದೆ. ಮೂರು ದಿನ, ಮೂರು ರಾತ್ರಿ, ಕಾಗದದ ಫೈಲುಗಳನ್ನು ಎದುರಿಗಿಟ್ಟುಕೊಂಡು ಒಂದೊಂದೇ ಬಿಡಿಸಿದೆವು. ಇವತ್ತಿಗೂ ಆ ನರ್ಸ್ ಯಾರು ಅಂತ ನನಗೆ ಗೊತ್ತಿಲ್ಲ. ಅವರಿಗೆ ದೊಡ್ಡ ನಮಸ್ಕಾರ.

ಸಹಸ್ರಪದಿಗಳನ್ನು ವರ್ಗೀಕರಿಸುವವರು ಪಾಲಿಸುತ್ತಿರುವ ಎರಡು ನಿಯಮ ನನಗೆ ಆಗ ಗೊತ್ತಿದ್ದಿದ್ದರೆ ಅದು ಆಗುತ್ತಿರಲಿಲ್ಲ. ಒಂದು, ಸಾಕ್ಷಿ ಎಲ್ಲಿಗೆ ನಿಲ್ಲುತ್ತೋ ನೀವೂ ಆ ಮೆಟ್ಟಿಲಿನಲ್ಲೇ ನಿಲ್ಲಿ. ಎರಡು, ಮೂಲವನ್ನು ಯಾವತ್ತೂ ಎಸೆಯಬೇಡಿ.

ಎರಡನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೊಸ ಪ್ರಭೇದಕ್ಕೆ ಹೆಸರಿಟ್ಟಾಗ ಆ ಹೆಸರಿಗೆ ಆಧಾರವಾದ ಒಂದು ನಿರ್ದಿಷ್ಟ ಮಾದರಿಯನ್ನು ಆರಿಸಿ, ಚೀಟಿ ಅಂಟಿಸಿ, ಮ್ಯೂಸಿಯಮ್ಮಿನಲ್ಲಿ ಇಡುತ್ತಾರೆ. ಅದನ್ನು ಹೋಲೋಟೈಪ್ ಅನ್ನುತ್ತಾರೆ. ಬರೆದ ವಿವರಣೆಯಲ್ಲಿ ತಪ್ಪಿರಬಹುದು, ಚಿತ್ರದಲ್ಲಿ ತಪ್ಪಿರಬಹುದು, ಆದರೆ ಅನುಮಾನ ಬಂದರೆ ಯಾರು ಬೇಕಾದರೂ ಹೋಗಿ ಆ ಬಾಟಲಿ ತೆಗೆದು ಮತ್ತೆ ನೋಡಬಹುದು. 1926ರ ಹುಳಗಳು ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿ ಕಾದು ಕೂತಿದ್ದರಿಂದಲೇ, 2005ರಲ್ಲಿ ಸಿಕ್ಕಿದ್ದು ಅದೇ ಅಂತ ಧೈರ್ಯವಾಗಿ ಹೇಳಲು ಸಾಧ್ಯವಾಯ್ತು. 2006ರಲ್ಲಿ ಸಿಕ್ವೋಯಾ ರಾಷ್ಟ್ರೀಯ ಉದ್ಯಾನದ ಲ್ಯಾಂಗ್ ಗುಹೆಯಲ್ಲಿ ಜೀನ್ ಕ್ರೆಜ್ಕಾ ಅನ್ನುವ ಗುಹಾ ಜೀವಶಾಸ್ತ್ರಜ್ಞೆಗೆ ಒಂದೇ ಒಂದು ಗಂಡು ಸಿಕ್ಕಿತ್ತು, 414 ಕಾಲಿನದ್ದು. ಅದಕ್ಕೆ ಇಲ್ಲಾಕ್ಮೆ ಟೋಬಿನೈ ಅಂತ ಹೆಸರು ಬಂದಿದ್ದು 2016ರಲ್ಲಿ, ಹತ್ತು ವರ್ಷದ ಮೇಲೆ. ಹತ್ತಾರು ಕಡೆ ಹುಡುಕಿದರೂ ಇನ್ನೊಂದು ಸಿಗಲಿಲ್ಲ. ಆದರೂ ಹೆಸರಿಡಲು ಸಾಧ್ಯವಾಗಿದ್ದು ಸಿಕ್ಕಿದ್ದು ಬಲಿತ ಗಂಡಾದ್ದರಿಂದ, ಗೋನೋಪಾಡ್ ಎದುರಿಗಿದ್ದಿದ್ದರಿಂದ. ಒಂದೇ ಮಾದರಿಯಾದರೂ ಸಾಕ್ಷಿ ಗಟ್ಟಿ. ನನ್ನ ಹತ್ತಿರ ನಾಲ್ಕು ಫೋಟೋ ಇದ್ದವು, ಸಾಕ್ಷಿ ಇರಲಿಲ್ಲ.

ನಮ್ಮ ಕಡೆಯ ಚೋರಟೆಗಳದ್ದೂ ಇದೇ ಕಥೆ. ದಕ್ಷಿಣ ಭಾರತ ಮತ್ತು ಶ್ರೀಲಂಕಾದ ಸಹಸ್ರಪದಿಗಳ ಬಗ್ಗೆ ಇವತ್ತಿಗೂ ತೆಗೆದು ನೋಡಬೇಕಾದ ದೊಡ್ಡ ಕೆಲಸ ಮಾಡಿದ್ದು ಜಿನೀವಾ ಮ್ಯೂಸಿಯಮ್ಮಿನ ಜೆ. ಕಾರ್ಲ್, ಜರ್ಮನ್ ಭಾಷೆಯಲ್ಲಿ, 1932 ಮತ್ತು 1941ರಲ್ಲಿ ಎರಡು ಭಾಗವಾಗಿ. ಚಿಕ್ಕವನಿದ್ದಾಗ ಅಡಿಕೆ ತೋಟದಲ್ಲಿ ಕಡ್ಡಿಯಿಂದ ಚುಚ್ಚಿ, ಸುರುಳಿ ಸುತ್ತಿಸಿ, ಬೆರಳಿಗೆ ಕಂದು ಕಲೆ ಅಂಟಿಸಿಕೊಂಡು ಅಮ್ಮನ ಹತ್ತಿರ ಬೈಸಿಕೊಂಡಿದ್ದೇನೆ. (ಆ ಕಲೆ ಬೆನ್ಝೋಕ್ವಿನೋನ್ ಅನ್ನುವ ರಾಸಾಯನಿಕದ್ದು ಅಂತ ಈಗ ಗೊತ್ತಾಯ್ತು. ಅದು ಹುಳದ ಆತ್ಮರಕ್ಷಣೆಯ ಅಸ್ತ್ರ.) ಆಗ ನನಗೆ ಎಲ್ಲವೂ ಚೋರಟೆ. ದಪ್ಪದ್ದು, ಸಣ್ಣದ್ದು, ಚಪ್ಪಟೆಯದ್ದು ಎಲ್ಲವೂ. ಅದರಲ್ಲಿ ತಪ್ಪೇನೂ ಇರಲಿಲ್ಲ ಅಂತ ಈಗ ಅನ್ನಿಸುತ್ತೆ. ನನ್ನ ಕಣ್ಣಿಗೆ ಕಂಡ ಸಾಕ್ಷಿ ಅಷ್ಟೇ ಇತ್ತು, ನಾನು ಆ ಮೆಟ್ಟಿಲಿನಲ್ಲೇ ನಿಂತಿದ್ದೆ.

ಇದನ್ನೆಲ್ಲಾ ಊಟದ ಹೊತ್ತಿನಲ್ಲಿ ಆಫೀಸಿನ ಗೆಳೆಯರಿಗೆ ಹೇಳಿದೆ. ಎರಡು ಪ್ರಶ್ನೆ ಬಂತು. ನಿಮಗೂ ಬಂದಿರುತ್ತೆ.

ಮೊದಲನೆಯದು, "ಹೆಸರು ಯಾಕೆ ಬೇಕು ಮಾರಾಯಾ, ಅದರಿಂದ ಏನು ಉಪಯೋಗ?" ಆಸ್ಟ್ರೇಲಿಯಾದ ಆ 1,306 ಕಾಲಿನದ್ದು ಸಿಕ್ಕಿದ್ದು ಹೇಗೆ? ಗಣಿ ಪ್ರದೇಶದಲ್ಲಿ ನೆಲದಡಿಯ ಜೀವಿಗಳು ಏನಿವೆ ಅಂತ ನೋಡುವ ಪರಿಸರ ಸಮೀಕ್ಷೆಯಲ್ಲಿ. ಅಲ್ಲಿ ಅಂಥ ಸಮೀಕ್ಷೆ ಮಾಡಿಸುವ ಪದ್ಧತಿ ಇದೆ. ಅಂಥ ಕಡೆ ಹೆಸರಿಲ್ಲದ ಜೀವಿಯ ಪರವಾಗಿ ವಾದಿಸೋದು ಬಹಳ ಕಷ್ಟ. 'ಯಾವುದೋ ಒಂದು ಹುಳ' ಅಂದರೆ ಅದು ಬೇರೆ ಎಲ್ಲಾದರೂ ಇರುತ್ತೆ ಬಿಡಿ ಅಂತಾರೆ. ತಪ್ಪು ಹೆಸರಾದರೆ ಇನ್ನೂ ಕೆಟ್ಟದ್ದು. ನಾಲ್ಕು ಚದರ ಕಿಲೋಮೀಟರಿನಲ್ಲಿ ಮಾತ್ರ ಇರುವ ಜೀವಿಗೆ ಎಲ್ಲಾ ಕಡೆ ಸಿಗುವ ಇನ್ನೊಂದರ ಹೆಸರು ಅಂಟಿಸಿದರೆ, ಅದರ ಗುಡ್ಡ ಕರಗಿ ಹೋದರೂ ಯಾರಿಗೂ ಗೊತ್ತಾಗಲ್ಲ. ಪಟ್ಟಿಯಲ್ಲಿ ಅದು ಇನ್ನೂ ಎಲ್ಲಾ ಕಡೆ ಇರುತ್ತೆ! ನನ್ನ ಇಬ್ಬರು ಲಕ್ಷ್ಮಮ್ಮಂದಿರ ಹಾಗೆ.

ಎರಡನೆಯದು, "ಇದನ್ನೆಲ್ಲಾ ಇನ್ನು ಮುಂದೆ ಎಐ ನೋಡಿಕೊಳ್ಳುತ್ತೆ ಬಿಡು." ಇದನ್ನು ಹೇಳಿದವನು ಅದೇ ಕೆಲಸ ಮಾಡುವವನು, ಅವನ ಹೊಟ್ಟೆಪಾಡು. ನಾನೂ ಅದೇ ಉದ್ಯಮದ ಅನ್ನ ತಿನ್ನುವವನು, ಹಾಗಾಗಿ ಎಐ ಬೈಯಲು ಹೊರಟಿಲ್ಲ. ಆದರೆ ಒಂದು ಮಾತು. ಚಿತ್ರ ನೋಡಿ ಹೆಸರು ಹೇಳುವ ಯಂತ್ರಕ್ಕೆ ಕಲಿಸಿದ ಹೆಸರುಗಳಷ್ಟೇ ಗೊತ್ತು. ಸಹಸ್ರಪದಿಗಳಲ್ಲಿ ಈವರೆಗೆ ಹೆಸರಿಟ್ಟಿರೋದು ಸುಮಾರು 12,000ಕ್ಕೂ ಹೆಚ್ಚು, ಹೆಸರಿಡದೆ ಉಳಿದಿರೋದು ಅದಕ್ಕಿಂತ ಎಷ್ಟೋ ಪಾಲು ಇರಬಹುದು ಅನ್ನೋದು ಬಲ್ಲವರ ಅಂದಾಜು. ಹೆಸರೇ ಇಲ್ಲದ್ದನ್ನು ತೋರಿಸಿದಾಗ ನನ್ನ ಆ್ಯಪಿನಂಥದ್ದು ಏನು ಮಾಡುತ್ತೆ? ಹತ್ತಿರದ್ದೊಂದು ಹೆಸರು ಹೇಳುತ್ತೆ, ಅದೂ ಪೂರ್ತಿ ವಿಶ್ವಾಸದಿಂದ. ಅಲ್ಲದೆ ಫೋಟೋದಲ್ಲಿ ಇಲ್ಲದ ಗೋನೋಪಾಡನ್ನು ಯಾವ ಯಂತ್ರವೂ ನೋಡಲಾರದು. ಹಾಗೆ ಬಂದ ಹೆಸರನ್ನು ನನ್ನಂಥವನೊಬ್ಬ ತಾಣಕ್ಕೆ ಏರಿಸುತ್ತಾನೆ, ನಾಳೆ ಅದೇ ಫೋಟೋ ಇನ್ನೊಂದು ಯಂತ್ರಕ್ಕೆ ಪಾಠ ಆಗುತ್ತೆ. ತಪ್ಪೇ ತಪ್ಪಿಗೆ ಸಾಕ್ಷಿ ಹೇಳುತ್ತೆ. ಆ ಅಪರಿಚಿತರು ನನ್ನ ಹೆಸರನ್ನು ಕೆಳಗಿಳಿಸಿದ್ದು ಈ ಚಕ್ರವನ್ನು ಒಂದು ಕಡೆಯಲ್ಲಾದರೂ ತಡೆಯಲು. ಅವರಿಗೆ ಅದಕ್ಕೆ ಯಾರೂ ಸಂಬಳ ಕೊಡಲ್ಲ.

ಹಾಗಂತ ಫೋಟೋ ಹೊಡೆಯೋದು, ಏರಿಸೋದು ವ್ಯರ್ಥ ಅಂತ ಖಂಡಿತಾ ಹೇಳುತ್ತಿಲ್ಲ. ಇಲ್ಲಾಕ್ಮೆಯ ಮೂರನೇ ಪ್ರಭೇದದ ಕಥೆ ಕೇಳಿ. ಕ್ಯಾಲಿಫೋರ್ನಿಯಾದ ದಕ್ಷಿಣದಲ್ಲಿ, ಲಾಸ್ ಏಂಜಲೀಸ್ ಪಕ್ಕದ ಆರೆಂಜ್ ಕೌಂಟಿಯ ಒಂದು ಕಾಡು ಪಾರ್ಕಿನಲ್ಲಿ ಸೆಡ್ರಿಕ್ ಲೀ ಮತ್ತು ಜೇಮ್ಸ್ ಬೈಲಿ ಅನ್ನುವ ಇಬ್ಬರು ಪ್ರಕೃತಿಪ್ರಿಯರು ಚಿಪ್ಪಿಲ್ಲದ ಬಸವನಹುಳ ಹುಡುಕುತ್ತಿದ್ದಾಗ ದಾರದಂಥ ಒಂದು ಹುಳ ಕಂಡರು. ಐನ್ಯಾಚುರಲಿಸ್ಟ್ ತಾಣದ ಮೂಲಕ ವಿಷಯ ತಜ್ಞರಿಗೆ ಮುಟ್ಟಿತು. ಆದರೆ ಅಲ್ಲಿಗೇ ಮುಗಿಯಲಿಲ್ಲ. ಮಾದರಿಗಳನ್ನು ಹಿಡಿದರು, ಮೈಕ್ರೋಸ್ಕೋಪಿನಲ್ಲಿ ನೋಡಿದರು, ಡಿಎನ್‌ಎ ಓದಿದರು. 2023ರಲ್ಲಿ ಇಲ್ಲಾಕ್ಮೆ ಸೋಕ್ಯಾಲ್ ಅಂತ ಹೆಸರಿಟ್ಟರು, 486 ಕಾಲಿನದ್ದು. ಹೆಸರಿಟ್ಟವರ ಪಟ್ಟಿಯಲ್ಲಿ ಪಾಲ್ ಮಾರೆಕ್ ಜೊತೆಗೆ ಲೀ, ಬೈಲಿ ಇಬ್ಬರೂ ಇದ್ದಾರೆ. ಕೋಟ್ಯಂತರ ಜನ ಓಡಾಡುವ ಮಹಾನಗರದ ಅಂಚಿನಲ್ಲಿ, ನಾಲ್ಕು ಇಂಚು ಮಣ್ಣಿನಡಿ, ಅಲ್ಲಿವರೆಗೆ ಹೆಸರಿಲ್ಲದೆ ಇತ್ತು! ಫೋಟೋ ಮಾಡಿದ್ದು ಸರಿಯಾದ ಕಣ್ಣಿಗೆ ತಲುಪಿಸುವ ಕೆಲಸ. ಹೆಸರು ಬಂದಿದ್ದು ಮೆಟ್ಟಿಲು ಹತ್ತಿದ ಮೇಲೆ.

ಇನ್ನೊಂದು ಮಾತು ಸೇರಿಸಬೇಕು, ಇಲ್ಲದಿದ್ದರೆ 'ಗೊತ್ತಿಲ್ಲ' ಅನ್ನೋದನ್ನೇ ನಾನು ಹೊಗಳುತ್ತಿದ್ದೇನೆ ಅಂದುಕೊಂಡುಬಿಡ್ತೀರಿ. ಸುಮ್ಮನೆ ಗೊತ್ತಿಲ್ಲ ಅನ್ನೋದು ನಮ್ಮ ಸಪೋರ್ಟ್ ಟೀಮಿನವರಿಗೂ ಬರುತ್ತೆ :-) ಆ ಅಪರಿಚಿತರ ಎರಡು ಸಾಲಿನಲ್ಲಿ ಮೂರು ವಿಷಯ ಇತ್ತು. ಎಲ್ಲಿವರೆಗೆ ಖಚಿತ ಅಂತ ಒಂದು, ಎಲ್ಲಿಂದ ಖಚಿತ ಅಲ್ಲ ಅಂತ ಒಂದು, ಮುಂದಿನ ಮೆಟ್ಟಿಲಿಗೆ ಏನು ಬೇಕು ಅಂತ ಒಂದು. ಬಲಿತ ಗಂಡು, 7ನೇ ಉಂಗುರ. ನಾನು ಬರೆದ ಸ್ಕ್ರಿಪ್ಟ್ ಕೂಡ 'ಈ ಇಬ್ಬರು ಒಬ್ಬರೇ ಇರಬಹುದು, ಹುಟ್ಟಿದ ದಿನ ಅಂದಾಜಿನದ್ದು, ಫೋನ್ ನಂಬರ್ ನೋಡಿ ಖಚಿತ ಮಾಡಿಕೊಳ್ಳಿ' ಅಂದಿದ್ದರೆ ಸಾಕಿತ್ತು. ಡೆಮೋದಲ್ಲಿ ಚಪ್ಪಾಳೆ ಬೀಳುತ್ತಿರಲಿಲ್ಲ ಅಷ್ಟೇ. ಈಗಿನ ಕೆಲಸದಲ್ಲಿ ಹೋದ ವಾರದಿಂದ ನಾನು ಒಂದು ಹಠ ಹಿಡಿದಿದ್ದೇನೆ. ನಮ್ಮ ಸಿಸ್ಟಮ್ಮು ಏನನ್ನೇ ಗುರುತಿಸಲಿ, ಖಚಿತ ಇಲ್ಲದಿದ್ದರೆ ಒಂದು ಮೆಟ್ಟಿಲು ಕೆಳಗೆ ನಿಲ್ಲಬೇಕು, ಮೂಲ ದಾಖಲೆ ಅಳಿಸಬಾರದು. ಮ್ಯಾನೇಜರ್‌ಗೆ ಇಷ್ಟವಾಗಿಲ್ಲ. ಬಳಕೆದಾರರಿಗೆ ಪೂರ್ತಿ ಉತ್ತರ ಬೇಕು, ಅರ್ಧ ಉತ್ತರ ಕೊಟ್ಟರೆ ಬೇರೆ ಕಡೆ ಹೋಗುತ್ತಾರೆ ಅಂದರು. ಅವರು ಹೇಳೋದೂ ನಿಜವೇ. ನಾನೇ ಅಂಥ ಬಳಕೆದಾರನಾಗಿದ್ದೆ, ಹೋದ ತಿಂಗಳು. ಚರ್ಚೆ ಇನ್ನೂ ನಡೀತಿದೆ, ಏನಾಗುತ್ತೋ ನೋಡೋಣ.

ಹುಳ ಏನಾಯ್ತು ಅಂತ ಕೇಳ್ತೀರಾ? ಮುಂದಿನ ಮೆಟ್ಟಿಲು ಹತ್ತಬೇಕಾದರೆ ಅದನ್ನು ಆಲ್ಕೋಹಾಲಿನಲ್ಲಿ ಮುಳುಗಿಸಬೇಕಿತ್ತು. ಮ್ಯೂಸಿಯಮ್ಮಿನವರು ಮಾಡೋದು ತಪ್ಪಲ್ಲ, ಅವರ ಒಂದು ಬಾಟಲಿ ಒಂದು ಪ್ರಭೇದವನ್ನೇ ಉಳಿಸಬಹುದು. ಆದರೆ ನನ್ನ ಕೈಯಲ್ಲಿ ಅದು ಬರೀ ಕುತೂಹಲಕ್ಕೆ ಆಗುತ್ತಿತ್ತು. ಗಂಡೋ ಹೆಣ್ಣೋ ಅನ್ನೋದೂ ಗೊತ್ತಿಲ್ಲ. ಫೋಟೋ ಹೊಡೆದ ದಿನವೇ ಕುಂಡದಡಿಯ ಒದ್ದೆ ಎಲೆಗಳ ಕೆಳಗೆ ವಾಪಸ್ ಬಿಟ್ಟಿದ್ದೆ. ಕೊಳೆತ ಎಲೆ ತಿಂದು ಮಣ್ಣು ಮಾಡೋದು ಅದರ ಕೆಲಸ, ನನ್ನ ಕರಿಬೇವಿಗೂ ಲಾಭ. ತಾಣದಲ್ಲಿ ನನ್ನ ದಾಖಲೆ ಇವತ್ತಿಗೂ 'ಜೂಲಿಡಾ ಗಣ' ಅಂತಲೇ ಇದೆ. ಆ ಅಪರಿಚಿತರಿಗೆ ಥ್ಯಾಂಕ್ಸ್ ಬರೆದೆ.

ಭಾನುವಾರ ಅಮ್ಮನಿಗೆ ಫೋನ್ ಮಾಡಿದಾಗ ಈ ಕಥೆಯೆಲ್ಲಾ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಹಾಗಾದರೆ ಕೊನೆಗೆ ಅದು ಯಾವ ಹುಳ ಅಂತಾಯ್ತು?" ಅಂದಳು. ಗೊತ್ತಿಲ್ಲಮ್ಮಾ, ಜೂಲಿಡಾ ಅಂತ ಅಷ್ಟೇ ಹೇಳಬಹುದಂತೆ ಅಂದೆ. "ಇದಕ್ಕೆ ಒಂದು ತಿಂಗಳು ಓದಿದೆಯಾ? ಚೋರಟೆ ಅಂತ ನಾನೇ ಹೇಳುತ್ತಿದ್ದೆನಲ್ಲ!" ಅಂದಳು.

ಅಂದ ಹಾಗೆ ನಿಮ್ಮ ಕಡೆ ಇದಕ್ಕೆ ಏನಂತಾರೆ? ದಪ್ಪದ್ದಕ್ಕೊಂದು, ಸಣ್ಣದ್ದಕ್ಕೊಂದು, ಮುಟ್ಟಿದರೆ ಗುಂಡಾಗುವುದಕ್ಕೊಂದು ಅಂತ ಬೇರೆ ಬೇರೆ ಹೆಸರಿವೆಯಾ? ಊರಿನ ಹೆಸರು ಸೇರಿಸಿ ಕಮೆಂಟಿನಲ್ಲಿ ಬರೆಯಿರಿ, ಒಂದು ಪಟ್ಟಿ ಮಾಡೋಣ. ಖಚಿತ ಗೊತ್ತಿಲ್ಲದಿದ್ದರೆ ಖಚಿತ ಇಲ್ಲ ಅಂತಲೂ ಬರೆಯಿರಿ :-)